ಮುರ್ಕಿ ಗುಂಪು ಹತ್ಯೆ: ಹೊಡೆದವರಿಗೆ ಪಶ್ಚಾತ್ತಾಪ ಆಗ್ತದಾ?

ಬೀದರ್: 2025ರ ಜನವರಿ 16ರಂದು ನಗರದ ಶಿವಾಜಿ ಚೌಕ್ ಹತ್ತಿರ, ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿ ಮೇಲೆ ಬೈಕ್‌ನಲ್ಲಿ ಬಂದವರು ಹಾಡಹಗಲೇ ಗುಂಡು ಹಾರಿಸಿದರು. ಒಬ್ಬರು ಸತ್ತರು, ಹಣದ ಪೆಟ್ಟಿಗೆ ಹೋಯಿತು. ಅದೇ ದಿನ ಹೈದರಾಬಾದ್‌ನ ಅಫ್ಜಲ್‌ಗಂಜ್‌ನಲ್ಲೂ ಗುಂಡು ಹಾರಿತು. ಇಂಥದ್ದು ಆದಾಗಲೆಲ್ಲ ಬೀದರ್, ಭಾಲ್ಕಿ, ಔರಾದ್ ಎಲ್ಲ ಕಡೆ ಚಹಾ ಹೋಟೆಲ್‌ದಾಗ ಒಂದೇ ಮಾತು: ‘ಇವರಿಗೆ ಮನಸ್ಸಾಕ್ಷಿ ಅನ್ನೋದು ಇಲ್ಲೇನ್ರಿ?’

ದರೋಡೆಕೋರರ ಬಗ್ಗೆ ಹೀಗೆ ಕೇಳೋದು ಸುಲಭ. ಆದ್ರೆ ಇದೇ ಪ್ರಶ್ನೆಯನ್ನು ಮುರ್ಕಿ ಪ್ರಕರಣಕ್ಕೆ ಕೇಳಿ ನೋಡಿ.

2018ರ ಜುಲೈ 13, ಶುಕ್ರವಾರ. ಹೈದರಾಬಾದ್‌ನಿಂದ ಕೆಲ ಗೆಳೆಯರು ಆಗಿನ ಔರಾದ್ ತಾಲ್ಲೂಕಿನ ಹಂದಿಕೇರಾಕ್ಕೆ ಬಂದಿದ್ದರು. ಅವರಲ್ಲಿ ಒಬ್ಬರು ಕತಾರ್ ದೇಶದವರು. ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ‘ಮಕ್ಕಳ ಕಳ್ಳರು’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿತು. ಕಾರು ಮುರ್ಕಿ ಮುಟ್ಟುವಷ್ಟರಲ್ಲಿ ಜನ ಸೇರಿದ್ದರು. ಕಲ್ಲು, ಬಡಿಗೆಯಿಂದ ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದವು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ಗ್ರೂಪ್ ಅಡ್ಮಿನ್ ಸೇರಿ ಸುಮಾರು 30 ಮಂದಿಯ ಬಂಧನವಾಯಿತು.

ಹೊಡೆದ ಗುಂಪು ಹಣಕ್ಕೆ ಬಂದಿದ್ದಲ್ಲ. ಮಕ್ಕಳನ್ನು ಉಳಿಸ್ತಿದ್ದೀವಿ ಅಂದುಕೊಂಡೇ ಕಲ್ಲು ಎತ್ತಿದವರು ಅದರಲ್ಲಿ ಇದ್ದಿರಲೇಬೇಕು. ಪಶ್ಚಾತ್ತಾಪ ಸಿಕ್ಕಿಬೀಳೋದು ಇಲ್ಲೇ. ಗುಂಡು ಹೊಡೆದವನಿಗೆ ತಾನೇ ಹೊಡೆದದ್ದು ಗೊತ್ತಿರ್ತದ. ಗುಂಪಿನೊಳಗೆ ಪ್ರತಿಯೊಬ್ಬನೂ ‘ನಂದು ಒಂದೇ ಏಟು, ಅದರಿಂದ ಸತ್ತಿರಲಿಕ್ಕಿಲ್ಲ’ ಅಂತ ತನಗೆ ತಾನೇ ಹೇಳಿಕೊಳ್ಳಬಹುದು. ಕಾನೂನು ಈ ಲೆಕ್ಕ ಒಪ್ಪಲ್ಲ. ಆಗ ಜಾರಿಯಲ್ಲಿದ್ದ ಐಪಿಸಿ 149ನೇ ಕಲಂ ಪ್ರಕಾರ ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ನಡೆದ ಅಪರಾಧಕ್ಕೆ ಕೂಟದ ಪ್ರತಿ ಸದಸ್ಯನೂ ಹೊಣೆ. ಮನಸ್ಸು ಮಾತ್ರ ಕಲಂ ಓದಿ ನಡೆಯೋದಲ್ಲ.

ಅದೇ ಕಾನೂನು ಪಶ್ಚಾತ್ತಾಪದ ಬಾಯಿಗೆ ಬೀಗವನ್ನೂ ಹಾಕ್ತದ. ಕೇಸು ನಡೆಯುವಾಗ ‘ತಪ್ಪಾಯಿತು’ ಅಂದ್ರೆ ತಪ್ಪೊಪ್ಪಿಗೆ ಆದಂಗೆ. ಆಗಿನ ಸಿಆರ್‌ಪಿಸಿ 313ರ ಹೇಳಿಕೆಯಲ್ಲಿ ನ್ಯಾಯಾಧೀಶರು ಪ್ರಶ್ನೆ ಕೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ ‘ಸುಳ್ಳು’, ‘ಗೊತ್ತಿಲ್ಲ’. ದೋಷಿ ಅಂತ ತೀರ್ಪು ಬಂದ ಮೇಲೆ, ಶಿಕ್ಷೆ ಪ್ರಮಾಣದ ವಿಚಾರಣೆಯಲ್ಲಿ, ಅವನ ಮನಸ್ಸಿನ ಮಾತಿಗೆ ಜಾಗ ಸಿಗ್ತದ. ವರ್ಷಗಟ್ಟಲೆ ‘ನಾನಲ್ಲ’ ಅಂದವನ ಬಾಯಲ್ಲಿ ಆಗ ‘ಮನೆಯಲ್ಲಿ ಸಣ್ಣ ಮಕ್ಕಳಿದ್ದಾವ್ರಿ’ ಅನ್ನೋದೇ ಮೊದಲು ಬರ್ತದ.

ಇನ್ನೊಂದು ವಿಷಯ. ಇಂಥ ಘಟನೆ ನಡೆದ ಊರುಗಳಲ್ಲಿ ‘ಊರ ಹೆಸರು ಕೆಟ್ಟಿತು’ ಅನ್ನುವವರು ಸಿಗ್ತಾರೆ. ಅದು ನಾಚಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ಜೈಲುವಾಸಿಗಳನ್ನು ಬಿಡುಗಡೆ ಆದ ಒಂದು ವರ್ಷದ ಮೇಲೆ ಮತ್ತೆ ಮಾತಾಡಿಸಿ 2014ರಲ್ಲಿ ಅಧ್ಯಯನ ಪ್ರಕಟಿಸಿದರು. ‘ನಾ ಮಾಡಿದ್ದು ತಪ್ಪು’ ಅನ್ನುವ ಸ್ವಭಾವದವರು ಮತ್ತೆ ಅಪರಾಧ ಮಾಡುವುದು ಕಡಿಮೆ ಇತ್ತು. ‘ನನ್ನ ಮರ್ಯಾದೆ ಹೋಯಿತು’ ಅನ್ನುವವರಲ್ಲಿ ತಪ್ಪನ್ನು ಬೇರೆಯವರ ಮೇಲೆ ಹಾಕಿದವರು ಮತ್ತೆ ಅಪರಾಧಕ್ಕೆ ಇಳಿಯುವುದು ಹೆಚ್ಚಿತ್ತು. ಮುರ್ಕಿಯಂಥ ಕೇಸಿನಲ್ಲಿ ಬೇರೆಯವರಿಗೆ ಏನು ಬರ? ಗ್ರೂಪ್ ಇದೆ, ಅಡ್ಮಿನ್ ಇದ್ದಾನೆ, ಪಕ್ಕದಲ್ಲಿ ನಿಂತು ಹೊಡೆದವನಿದ್ದಾನೆ.

ಘಟನೆ ಆಗಿ ನಾಲ್ಕೇ ದಿನಕ್ಕೆ, ಜುಲೈ 17ರಂದು, ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಂಪು ಹತ್ಯೆ ತಡೆಗೆ ಪ್ರತಿ ಜಿಲ್ಲೆಗೂ ನೋಡಲ್ ಅಧಿಕಾರಿ ಇರಬೇಕು ಎಂದಿತು. ಅದೇ ವಾರ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜ್ ಒಮ್ಮೆಗೆ ಐದೇ ಚಾಟ್‌ಗೆ ಫಾರ್ವರ್ಡ್ ಆಗುವಂತೆ ಮಿತಿ ಹಾಕುವುದಾಗಿ ಹೇಳಿತು.

ಹೊಡೆದವರನ್ನು ಕೋರ್ಟ್ ಆದರೂ ಕರೆದು ಕೇಳ್ತದ. ಮಕ್ಕಳ ಕಳ್ಳರ ಸುದ್ದಿ ನಂಬಿ ಮನೆಯಲ್ಲಿ ಕೂತೇ ಮುಂದಕ್ಕೆ ಕಳಿಸಿದವರನ್ನು ಯಾರೂ ಕೇಳಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ತಾವು ಕಳಿಸಿದ್ದು ನೆನಪೂ ಇರಲಿಕ್ಕಿಲ್ಲ.