ಹೊಳೆಯ ಅನುಭವಕ್ಕೂ ಲೆಕ್ಕ ಇರಲಿ

ಭಾನುವಾರ ಬೆಳಿಗ್ಗೆ ಕುನ್ನತ್ತೂರಿನ ರಸ್ತೆ ಬದಿ ಸ್ವಲ್ಪ ಹೊತ್ತು ನಿಂತರೆ ಸಾಕು. ತಿರುಪ್ಪೂರಿನ ಬನಿಯನ್ ಕಂಪನಿ ಹುಡುಗರು ಬೈಕು, ವ್ಯಾನು ಹತ್ತಿ ಗೋಬಿ ಕಡೆ ಹೊರಟಿರುತ್ತಾರೆ. ಕೊಡಿವೇರಿ ಅಣೆಕಟ್ಟಿನಲ್ಲಿ ಸ್ನಾನ, ಕರಿದ ಮೀನು, ಪರಿಸಲಿನಲ್ಲಿ ಒಂದು ಸುತ್ತು. ನಮ್ಮ ಕನ್ನಡ ಮನೆಗಳವರೂ ಅದರಲ್ಲಿದ್ದಾರೆ. ಊರಿಂದ ನೆಂಟರು ಬಂದರೆ ಹೊಗೇನಕಲ್, ಇಲ್ಲವಾದರೆ ಪಿಲ್ಲೂರು ಜಲಾಶಯದ ಪರಳಿಕಾಡು. ಪರಿಸಲ್ ಅಂದರೆ ನಮ್ಮ ಹರಿಗೋಲೇ, ಹೆಸರು ಮಾತ್ರ ಗಡಿ ದಾಟಿದಾಗ ಬದಲಾಗುತ್ತದೆ.

ಈಗ ಈ ಸಾಲಿಗೆ ಕಯಾಕ್ ಬಂದು ಸೇರಿದೆ. ಮೊನ್ನೆ ಒಂದು ಮದುವೆ ಮನೆಯಲ್ಲಿ ಪರಿಚಯದವರೊಬ್ಬರು ಮಗನ ಸರ್ಟಿಫಿಕೇಟನ್ನು ಮೊಬೈಲಿನಲ್ಲಿ ತೋರಿಸಿದರು. ಎರಡು ದಿನದ ಶಿಬಿರ, ಒಂದು ಕೆರೆ, ಕೊನೆಗೆ 'ಅಡ್ವಾನ್ಸ್ಡ್' ಎಂದು ಅಚ್ಚಾದ ಕಾಗದ. "ಎಷ್ಟು ಸಲ ಮಗುಚಿ ಬಿದ್ದಿದ್ದೀಯಪ್ಪಾ?" ಅಂತ ಕೇಳಿದ್ವಿ. "ಒಂದ್ಸಲಾನೂ ಇಲ್ಲ ಅಂಕಲ್" ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ಬರುವ ಬೇಸಿಗೆ ರಜೆಗೆ ಬೀದಿಯ ಮಕ್ಕಳನ್ನೆಲ್ಲ ಭವಾನಿಗೆ ಕರೆದುಕೊಂಡು ಹೋಗಿ ಕಲಿಸುವ ಯೋಚನೆಯೂ ಅವನಿಗಿದೆಯಂತೆ. ನಮಗೆ ಹೆದರಿಕೆಯಾಗಿದ್ದು ಅಲ್ಲೇ.

ಮಗುಚದವನು ಮೇಲೇಳುವುದನ್ನು ಕಲಿತಿರುವುದಿಲ್ಲ. ಕಯಾಕಿನಲ್ಲಿ ತಲೆಕೆಳಗಾದಾಗ ದೋಣಿಯಿಂದ ಹೊರಬರುವುದು ಮೊದಲ ಪಾಠ. ಹೊರಬರದೆ ಹುಟ್ಟಿನ ಬಲದಿಂದಲೇ ತಿರುಗಿ ಮೇಲೇಳುವುದಕ್ಕೆ 'ರೋಲ್' ಅನ್ನುತ್ತಾರೆ. ಅದು ನಿಂತ ನೀರಲ್ಲಿ ಬಂದರೆ ಸಾಲದು, ಓಡುವ ತಣ್ಣನೆ ನೀರಲ್ಲಿ, ಮೂಗಿಗೆ ನೀರು ಹೋಗಿ ದಿಕ್ಕು ತಪ್ಪಿದ ಹೊತ್ತಿನಲ್ಲೂ ಬರಬೇಕು. ಇದನ್ನು ಎರಡು ದಿನದಲ್ಲಿ ಕಲಿಸಬಲ್ಲವರು ಯಾರೂ ಇಲ್ಲ.

ಹೊರದೇಶಗಳಲ್ಲಿ ಇದಕ್ಕೆ ಪದ್ಧತಿ ಇದೆ. 1880ರಲ್ಲಿ ಶುರುವಾದ ಅಮೆರಿಕನ್ ಕೆನೂ ಅಸೋಸಿಯೇಷನ್ ಕಯಾಕ್ ಕಲಿಕೆಯನ್ನು 5 ಹಂತ ಮಾಡಿದೆ. ನದಿಯ ರಭಸವನ್ನು ಜಗತ್ತಿನಲ್ಲೆಲ್ಲ 1ರಿಂದ 6ರವರೆಗೆ ದರ್ಜೆ ಹಾಕಿ ಅಳೆಯುತ್ತಾರೆ. ಅವರ 4ನೇ ಹಂತಕ್ಕೆ 3ನೇ ದರ್ಜೆಯ ನೀರು, 5ನೇ ಹಂತಕ್ಕೆ 4ನೇ ದರ್ಜೆಯ ನೀರು. ಕಲಿಸುವವನ ಪ್ರಮಾಣಪತ್ರವೂ ಕಾಯಂ ಅಲ್ಲ. 4 ವರ್ಷದೊಳಗೆ ಕನಿಷ್ಠ 2 ಸಲ ಶಿಬಿರ ನಡೆಸಿರಬೇಕು, ತನ್ನ ಹಂತದಲ್ಲಿ ಮತ್ತೆ ಕೂತು ಕಲಿತು ತೋರಿಸಬೇಕು. ಬ್ರಿಟನ್ನಿನ ಸಂಸ್ಥೆಯಲ್ಲಿ (2024ರಿಂದ ಅದರ ಹೆಸರು ಪ್ಯಾಡಲ್ ಯುಕೆ) ಮುಂದಾಳು ಆಗಬೇಕಾದವನು ತಾನು ಎಲ್ಲೆಲ್ಲಿ, ಎಂಥ ನೀರಲ್ಲಿ ಹೋಗಿದ್ದೆ ಎಂಬ ದಾಖಲೆಯನ್ನು ಮುಂದಿಟ್ಟೇ ಪರೀಕ್ಷೆಗೆ ಹೋಗಬೇಕು.

ಲೆಕ್ಕ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ. ಸಿಎ ಪರೀಕ್ಷೆ ಪಾಸಾದ ಮಾತ್ರಕ್ಕೆ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವ ಹಾಗಿಲ್ಲ, ಆರ್ಟಿಕಲ್‌ಶಿಪ್ ಮುಗಿಸಿರಬೇಕು. ಮೊದಲು 3 ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ 2 ವರ್ಷ. ಬನಿಯನ್ ಕಂಪನಿಯಲ್ಲೂ ಹೆಲ್ಪರ್ ಆಗಿ ಬಂದವನನ್ನು ಮರುದಿನವೇ ಓವರ್‌ಲಾಕ್ ಮಷಿನ್ ಮೇಲೆ ಕೂರಿಸಲ್ಲ. ಅಲ್ಲಿ ಹಾಳಾಗುವುದು ಬಟ್ಟೆ, ಆದರೂ ಅಷ್ಟು ಎಚ್ಚರ.

ದಿನ ಎಣಿಸುವುದರಲ್ಲೂ ಒಂದು ಮೋಸ ಇದೆ. ಒಂದೇ ಕೆರೆಯಲ್ಲಿ 50 ಸಲ ಹೋಗಿ ಬಂದರೆ ಅದು 50 ದಿನದ ಅನುಭವ ಅಲ್ಲ, ಒಂದೇ ದಿನವನ್ನು 50 ಸಲ ಬರೆದಂತೆ. ಬೇಸಿಗೆಯ ಭವಾನಿ ಬೇರೆ, ಮೇಲಿನ ಅಣೆ ಬಿಟ್ಟಾಗಿನ ಭವಾನಿ ಬೇರೆ. ಜೊತೆಗಾರನು ಮಗುಚಿದಾಗ ಹಗ್ಗ ಎಸೆದು ಎಳೆದದ್ದು, ನೀರು ನೋಡಿ "ಇವತ್ತು ಬೇಡ" ಎಂದು ವಾಪಸ್ ಬಂದದ್ದು, ಇವೂ ಪುಸ್ತಕದಲ್ಲಿ ಇರಬೇಕು. ಹಾಗೆ ವಾಪಸ್ ಬಂದ ದಿನವನ್ನು ಯಾರೂ ಬರೆದಿಡುವುದಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಇದರ ಇನ್ನೊಂದು ಮಗ್ಗುಲು. ಹೊಗೇನಕಲ್ಲಿನಲ್ಲಿ ಹರಿಗೋಲು ನಡೆಸುವವರ ಹತ್ತಿರ ಯಾವ ದೇಶದ ಹಂತದ ಕಾಗದವೂ ಇಲ್ಲ. ಬಿದಿರಿನ ಬುಟ್ಟಿ, ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು, ಒಂದೇ ಹುಟ್ಟು. ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಕ್ಯೂಸೆಕ್ ಏರಿದಾಗ ಜಿಲ್ಲಾಡಳಿತ ಹರಿಗೋಲು ನಿಲ್ಲಿಸುತ್ತದೆ. ಆದರೆ ಯಾವ ಬಂಡೆ ಹಿಂದೆ ಸುಳಿ ತಿರುಗುತ್ತದೆ ಎಂಬುದು ಆ ಅಂಕಿಯಲ್ಲಿ ಬರುವುದಿಲ್ಲ, ಅದು ಅವರ ತೋಳಿನಲ್ಲಿದೆ. ನಾಳೆ ಸರ್ಟಿಫಿಕೇಟ್ ಇದ್ದವರಿಗೇ ಕೆಲಸ ಎಂದರೆ ಮೊದಲು ಹೊರಗೆ ನಿಲ್ಲುವವರು ಇವರೇ. ಹಾಗಂತ ಹಳೇ ಅನುಭವ ಒಂದೇ ಸಾಕು ಅನ್ನುವುದೂ ತಪ್ಪು. ತನ್ನ ಹೊಳೆ ಬಲ್ಲವನಿಗೆ ಕಡಲು ಹೊಸದು. ಮುಳುಗಿದವನಿಗೆ ಉಸಿರು ಕೊಡುವುದು, ಎದೆ ಒತ್ತುವುದು ಅವರೂ ಕಲಿಯಬೇಕಾದದ್ದು.

2023ರ ಮೇ 7ರಂದು ಕೇರಳದ ತಾನೂರಿನಲ್ಲಿ ದೋಣಿ ಮಗುಚಿ 22 ಜನ ಹೋದರು, ಹೆಚ್ಚಿನವರು ಮಕ್ಕಳು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಇದ್ದರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ 12 ಮಕ್ಕಳು, 2 ಶಿಕ್ಷಕಿಯರು. ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಎರಡೂ ಕಡೆ ಪ್ರವಾಹ ಇರಲಿಲ್ಲ, ಕಗ್ಗಾಡೂ ಅಲ್ಲ. ಮನೆ ಮಂದಿ, ಶಾಲೆ ಮಕ್ಕಳು ರಜೆಯ ಖುಷಿಗೆ ಹೋಗುವ ಜಾಗ.

1917ರ ಹಳೇ ಕಾಯ್ದೆ ತೆಗೆದು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂತು. ಯಂತ್ರವಿಲ್ಲದ ದೋಣಿಗಳಿಗೂ ಅದರಲ್ಲಿ ಒಂದು ಅಧ್ಯಾಯ ಇದೆ. ಆ ದಾರಿಯಲ್ಲೇ ಎರಡೂ ರಾಜ್ಯದವರು ಕೂತು ಮಾತಾಡಲಿ. ಹರಿಗೋಲಿನವರ ಹೆಸರಲ್ಲಿ ಒಂದು ಪುಸ್ತಕ ಇರಲಿ, ಹೊಳೆಯಲ್ಲಿ ಕಳೆದ ವರ್ಷಗಳನ್ನು ಹಿರಿಯ ಹುಟ್ಟಿನವರ ಸಾಕ್ಷಿಯೊಂದಿಗೆ ಬರೆದುಕೊಡಲಿ. ಪರೀಕ್ಷೆ ನೀರಿನ ಮೇಲೆ ನಡೆಯಲಿ, ಬಾಯಿಮಾತಲ್ಲಿ, ತಮಿಳಿನಲ್ಲೂ ಕನ್ನಡದಲ್ಲೂ. ಹೊಗೇನಕಲ್ಲಿನ ಆಚೆ ದಡ ಚಾಮರಾಜನಗರ ಜಿಲ್ಲೆ, ಈಚೆ ದಡ ಧರ್ಮಪುರಿ. ಒಂದು ದಡದ ಪುಸ್ತಕ ಇನ್ನೊಂದು ದಡದಲ್ಲಿ ನಡೆಯದಿದ್ದರೆ ಅರ್ಥವಿಲ್ಲ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಜಲಕ್ರೀಡಾ ಸಂಸ್ಥೆ ಇದೆ, ಜೀವರಕ್ಷಣೆ ತರಬೇತಿ ಕೊಡುತ್ತದೆ. ಅಲ್ಲಿಯ ತರಬೇತುದಾರರನ್ನು ಹೊಳೆ ದಡಕ್ಕೇ ಕರೆಸಬಹುದು. ದಿನಗೂಲಿ ಬಿಟ್ಟು ಗೋವಾಕ್ಕೆ ಹೋಗು ಅಂದರೆ ಯಾರು ಹೋಗುತ್ತಾರೆ?

ಅಲ್ಲಿಯವರೆಗೆ ತಂದೆ ತಾಯಂದಿರು ಕೇಳಬೇಕಾದ್ದು ಕಾಗದದ ಬಣ್ಣವಲ್ಲ. ಕಲಿಸುವವನು ಎಂಥ ನೀರಲ್ಲಿ ಎಷ್ಟು ದಿನ ಇದ್ದ, ಕಡೆಯದಾಗಿ ಯಾವಾಗ ಯಾರನ್ನಾದರೂ ನೀರಿಂದ ಎತ್ತಿದ, ಒಬ್ಬನ ಕೈಕೆಳಗೆ ಎಷ್ಟು ಮಕ್ಕಳು, ಪ್ರತಿ ಮಗುವಿನ ಅಳತೆಗೆ ಜಾಕೆಟ್ ಇದೆಯಾ. ಉತ್ತರ ತಡವರಿಸಿದರೆ ಮಗುವನ್ನು ವಾಪಸ್ ಕರೆದುಕೊಂಡು ಬನ್ನಿ, ಕಟ್ಟಿದ ಫೀಸು ಹೋದರೂ ಪರವಾಗಿಲ್ಲ.

ಆ ಮದುವೆ ಮನೆಯ ಹುಡುಗನಿಗೆ ನಾವು ಹೇಳಿದ್ದು ಇಷ್ಟೇ: ಒಂದು ಮಳೆಗಾಲ, ಒಂದು ಬೇಸಿಗೆ ಬಲ್ಲವರ ಜೊತೆ ಇರು, ಬೇಕಂತಲೇ ಮಗುಚಿ ಬೀಳು, ಬಿದ್ದದ್ದನ್ನೆಲ್ಲ ತಾರೀಖು ಹಾಕಿ ಬರೆದಿಡು. ಬೀದಿ ಮಕ್ಕಳ ವಿಷಯ ಆಮೇಲೆ ನೋಡೋಣ. ಹುಡುಗನ ಮುಖ ಸ್ವಲ್ಪ ಸಪ್ಪಗಾಯಿತು, ಆದರೆ ಅವನ ತಾಯಿ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.