ಒಳ್ಳೇ ಶೇಂಗಾ ಮಂಡಿಗೆ, ಜೊಳ್ಳು ಮನೆಗೆ?

ಹೋದ ಬೇಸಿಗೆಯಲ್ಲಿ ಮಗಳು ಬೆಂಗಳೂರಿನಿಂದ ಮೊಮ್ಮಗನನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಹುಡುಗನಿಗೆ ನಾಲ್ಕು ವರ್ಷ. ಹಸುವಿನ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿ ಆಗುತ್ತದೆ. ಹಾಲಿನಲ್ಲಿರುವ ಸಕ್ಕರೆ ಅವನಿಗೆ ಅರಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಅದಕ್ಕೆ ಅವಳು ಬಾದಾಮಿ ಹಾಲು ಮಾಡಿ ಕೊಡುತ್ತಾಳೆ. ಹೋಟೆಲಿನಲ್ಲಿ ಸಿಗುವ ಹಳದಿ ಬಾದಾಮಿ ಹಾಲಲ್ಲ, ಅದು ಹಸುವಿನ ಹಾಲೇ. ಇದು ಬಾದಾಮಿಯನ್ನೇ ರಾತ್ರಿ ನೆನೆಹಾಕಿ, ಸಿಪ್ಪೆ ಸುಲಿದು, ನೀರು ಬಿಟ್ಟು ರುಬ್ಬಿ ಸೋಸಿದ್ದು.

"ಅಪ್ಪಾ, ಚಳ್ಳಕೆರೆಗೆ ಹೋದ್ರೆ ಅರ್ಧ ಕಿಲೋ ಬಾದಾಮಿ ತಗಂಡು ಬಾ" ಅಂದಳು. ಐನೂರರ ನೋಟು ಕೊಟ್ಟೆ, ಇಪ್ಪತ್ತು ರೂಪಾಯಿ ವಾಪಸು ಬಂತು. ಒಂದು ವಾರಕ್ಕೆ ಅದು ಖಾಲಿ.

ನಮ್ಮ ಮನೆಯಾಕೆ ಸುಮ್ಮನಿರಲಿಲ್ಲ. "ಶೇಂಗಾ ಬೆಳೆಯೋರ ಮನೆಗೆ ಬಾದಾಮಿ ಯಾಕವ್ವ? ಶೇಂಗಾನೇ ರುಬ್ಬಿ ನೋಡಾನ" ಅಂದಳು. ಮಗಳು ಮನೆಖರ್ಚಿಗೆ ಇಟ್ಟಿದ್ದ ಚೀಲದಿಂದ ಒಂದಿಷ್ಟು ಬೀಜ ಮೊರಕ್ಕೆ ಸುರಿದಳು. ಅರ್ಧಕ್ಕರ್ಧ ಮುದುರಿದ ಕಾಳು. ಕೆಲವು ಕಪ್ಪಗೆ, ಕೆಲವಕ್ಕೆ ಹುಳ ಕೊರೆದ ತೂತು, ನಾಲ್ಕಾರಕ್ಕೆ ಹಸಿರು ಬೂಷ್ಟು. ಅವಳು ನನ್ನ ಮುಖ ನೋಡಿ, "ಅಪ್ಪಾ, ಇದನ್ನ ನನ್ನ ಮಗನಿಗೆ ಕುಡಿಸ್ಲಾ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷದಿಂದ ಶೇಂಗಾ ಬೆಳೆಯುತ್ತಿದ್ದೇನೆ. ದಪ್ಪ ಕಾಯಿ ಎಲ್ಲಾ ಮಂಡಿಗೆ. ತೂರಿ ಉಳಿದ ಜೊಳ್ಳು, ಒಡಕು ಮನೆಗೆ. ನಮ್ಮಪ್ಪ ಹಾಗೇ ಮಾಡುತ್ತಿದ್ದ, ನಾನೂ ಹಾಗೇ ಮಾಡಿದೆ. ನಿಮ್ಮಲ್ಲಿ ಬಹಳ ಮಂದಿ ಮಾಡುವುದೂ ಇದೇ. ಇದು ತಪ್ಪು ಎಂದು ಹೇಳುವುದಕ್ಕೇ ಈ ಬರಹ.

ಬೂಷ್ಟು ಅಂದರೆ ಬರೀ ಬೂಷ್ಟಲ್ಲ

ಶೇಂಗಾಕ್ಕೆ ಹಿಡಿಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದರೆ ಸಿಕ್ಕಿದ್ದು ಮೇವಿಗೆ ಹಾಕಿದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಈ ವಿಷ ಲಿವರಿಗೆ ಕೆಟ್ಟದ್ದು, ಬಹಳ ವರ್ಷ ಹೊಟ್ಟೆಗೆ ಹೋದರೆ ಲಿವರಿನ ಕ್ಯಾನ್ಸರೂ ಬರಬಹುದು. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಆ ಹಿಂಡಿಯನ್ನು ಹಸುವಿಗೆ ಇಟ್ಟರೆ ಹಾಲಿಗೂ ಇಳಿಯುತ್ತದೆ.

ಇದು ಮಳೆ ನಂಬಿದ ನಮ್ಮಂಥವರಿಗೇ ಹೆಚ್ಚು ತಟ್ಟುವ ಮಾತು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಲದಲ್ಲೇ ಬೂಷ್ಟು ಸೇರುತ್ತದೆ. ಕಿತ್ತ ಗಿಡ ಹಸಿ ಇರುವಾಗಲೇ ಬಣವೆ ಹಾಕಿದರೆ ಹಬ್ಬುತ್ತದೆ. ಮಿಷಿನ್ನಿನಲ್ಲಿ ಬೀಜ ಒಡೆಯದಿರಲಿ ಎಂದು ಕಾಯಿಗೆ ನೀರು ಚಿಮುಕಿಸುತ್ತೇವಲ್ಲ, ಆ ಬೀಜ ಚೀಲದಲ್ಲಿ ಉಳಿದರೂ ಅಷ್ಟೇ. ಮುದುರಿದ, ಬಣ್ಣಗೆಟ್ಟ, ಹುಳ ಕೊರೆದ ಕಾಳಿನಲ್ಲೇ ವಿಷ ಹೆಚ್ಚಿರುತ್ತದೆ. ನಾವು ಮನೆಗೆ ಇಟ್ಟುಕೊಳ್ಳುವುದು ಅದನ್ನೇ!

ಒಂದು ಚೀಲದ ಲೆಕ್ಕ

"ಒಳ್ಳೇದು ಮನೇಲಿಟ್ಕಂಡ್ರೆ ಸಾಲ ಕಟ್ಟೋದು ಹೆಂಗೆ?" ಎಂದು ಕೇಳಬಹುದು. ಲೆಕ್ಕ ಹಾಕೋಣ. 2025-26ರ ಮುಂಗಾರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಕ್ವಿಂಟಾಲ್ ಒಳ್ಳೇ ಕಾಯಿ ಸುಲಿದರೆ 70 ಕಿಲೋ ಆಸುಪಾಸು ಬೀಜ. ಅಂದರೆ ಕಿಲೋ ಬೀಜಕ್ಕೆ ಹೆಚ್ಚುಕಡಿಮೆ 104 ರೂಪಾಯಿ. ನಾನು ತಂದ ಬಾದಾಮಿ ಕಿಲೋಗೆ 960! ಒಂಬತ್ತು ಪಟ್ಟು. 40 ಕಿಲೋದ ಒಂದು ಚೀಲ ಕಾಯಿ ಮನೆಗೆ ಇಟ್ಟರೆ ಬಿಡಬೇಕಾದ ದುಡ್ಡು ಬೆಂಬಲ ಬೆಲೆಯಲ್ಲೇ ಹಿಡಿದರೂ 2,900 ರೂಪಾಯಿ. ಅದು ಮೂರು ಕಿಲೋ ಬಾದಾಮಿಯ ಬೆಲೆ.

ಬಾದಾಮಿ ಕೆಟ್ಟದ್ದು ಅನ್ನುತ್ತಿಲ್ಲ. ಅದು ಚಳಿ ಬೇಡುವ ಮರ. ನಮ್ಮ ದೇಶದಲ್ಲಿ ಕಾಶ್ಮೀರದ ಕಡೆ ಬೆಳೆಯುತ್ತದೆ. ಜಗತ್ತಿನ ಬಾದಾಮಿಯಲ್ಲಿ ಶೇ. 80ರಷ್ಟು ಅಮೆರಿಕದ ಕ್ಯಾಲಿಫೋರ್ನಿಯಾದ್ದು, ನಮ್ಮ ಅಂಗಡಿಗೆ ಬರುವುದೂ ಹೆಚ್ಚಾಗಿ ಅದೇ. ಪ್ರೋಟೀನು ನೋಡಿದರೆ ನೂರು ಗ್ರಾಂ ಬಾದಾಮಿಯಲ್ಲಿ 20 ಗ್ರಾಂ ಚಿಲ್ಲರೆ, ಶೇಂಗಾದಲ್ಲಿ 25ರ ಹತ್ತಿರ. ನಮ್ಮದೇನೂ ಕಮ್ಮಿ ಇಲ್ಲ.

ಶೇಂಗಾ ಹಾಲು ಹೊಸ ಹುಚ್ಚೂ ಅಲ್ಲ. ಅಮೆರಿಕದ ಕಾರ್ವರ್ ಎಂಬ ವಿಜ್ಞಾನಿ 1921ರಲ್ಲೇ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಶೇಂಗಾ ಹಾಲು ತೋರಿಸಿದ್ದರು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನವರು 1970ರ ಸುಮಾರಿಗೆ ಶೇಂಗಾದ ಪ್ರೋಟೀನು ತೆಗೆದು ಎಮ್ಮೆ ಹಾಲಿಗೆ ಸೇರಿಸಿ 'ಮಿಲ್ಟೋನ್' ಮಾಡಿದ್ದರು.

ನಮ್ಮ ಮನೆಯಲ್ಲಿ ಮಾಡಿದ ಬಗೆ

ಆ ದಿನ ಬಿತ್ತನೆಗೆ ಇಟ್ಟಿದ್ದ ಕಾಯಿ ಬಿಚ್ಚಿದೆವು. ಇನ್ನೂ ಔಷಧಿ ಹಾಕಿರಲಿಲ್ಲ. ಬೀಜೋಪಚಾರ ಮಾಡಿದ ಬೀಜವನ್ನು ಎಷ್ಟು ತೊಳೆದರೂ ತಿನ್ನಬಾರದು.

ನೂರು ಗ್ರಾಂ ಬೀಜವನ್ನು ಒಂದೊಂದಾಗಿ ಆರಿಸಿ ಬಿಸಿ ಹತ್ತುವಷ್ಟು ಮಾತ್ರ ಹುರಿಯಿರಿ. ಹಸಿ ವಾಸನೆ ಹೋಗುತ್ತದೆ. ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಉಜ್ಜಿ ಕೆಂಪು ಸಿಪ್ಪೆ ತೆಗೆಯಿರಿ, ಇಲ್ಲದಿದ್ದರೆ ಒಗರು. ಸ್ವಲ್ಪ ನೀರಲ್ಲಿ ನುಣ್ಣಗೆ ರುಬ್ಬಿ, ಒಟ್ಟು ಅರ್ಧ ಲೀಟರಿಗೆ ನೀರು ಸೇರಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ. ಬಾದಾಮಿ ಹಾಲನ್ನು ಹಸಿಯಾಗೇ ಕುಡಿಯುತ್ತಾರೆ. ಇದನ್ನು ಮಾತ್ರ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಬೇಕು. ಕೈ ಬಿಡದೆ ತಿರುವಿ. ತಳ ಹಿಡಿಯುತ್ತದೆ, ನೊರೆ ಉಕ್ಕುತ್ತದೆ. ಇಳಿಸಿದ ಮೇಲೆ ಬೆಲ್ಲ, ಏಲಕ್ಕಿ. ಫ್ರಿಜ್ ಇಲ್ಲದವರು ಅವತ್ತೇ ಮುಗಿಸಬೇಕು. ಬಟ್ಟೆಯಲ್ಲಿ ಉಳಿದ ಚರಟ ಚಟ್ನಿಗೆ, ರೊಟ್ಟಿ ಹಿಟ್ಟಿಗೆ ಆಗುತ್ತದೆ.

ಮಗಳು ಮೊದಲ ದಿನ ಒಂದೇ ಚಮಚ ಕೊಟ್ಟು ನೋಡಿದಳು. ಅದು ಸರಿ. ಕೆಲವರ ಮೈಗೆ ಶೇಂಗಾ ಒಗ್ಗುವುದಿಲ್ಲ. ದದ್ದು, ಉಸಿರಾಟದ ತೊಂದರೆ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೊಮ್ಮಗನಿಗೆ ಒಗ್ಗಿತು. ಮೂರನೇ ದಿನ "ತಾತ, ಇನ್ನೊಂದು ಲೋಟ" ಅಂದ.

ಇನ್ನೊಂದು ಮಾತು. ಇದು ಹಸುವಿನ ಹಾಲಿಗೆ ಸಮ ಅಲ್ಲ. ಸುಣ್ಣದ ಅಂಶ ಬಹಳ ಕಡಿಮೆ. ಹಾಲು ಅರಗುವ ಮಕ್ಕಳಿಗೆ ಹಾಲನ್ನೇ ಕೊಡಿ, ಅರಗದವರಿಗೆ ರಾಗಿ, ಸೊಪ್ಪು, ಎಳ್ಳು ಜೊತೆಗಿರಲಿ. ಎದೆಹಾಲು ಕುಡಿಯುವ ಕೂಸಿಗೆ ಬದಲಿಯಾಗಿ ಇದನ್ನು ಕೊಡಲೇಬಾರದು.

ಮೊದಲ ಚೀಲ ಮನೆಗೆ

ಈ ಸಲ ಸುಗ್ಗಿಯಲ್ಲಿ ನಾನು ಮಾಡಿದ್ದು ಇಷ್ಟೇ. ಕಾಯಿ ಬಿಡಿಸಿ, ಅಲುಗಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಿದೆ. ಮಂಡಿಗೆ ತುಂಬುವ ಮೊದಲು ದಪ್ಪ ಕಾಯಿ ಒಂದು ಚೀಲ ತೆಗೆದು, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಟ್ಟೆ. ಬೇಕಾದಾಗ ಬೇಕಾದಷ್ಟೇ ಕೈಯಲ್ಲಿ ಸುಲಿಯುತ್ತೇವೆ. ಬೂಷ್ಟು ಹಿಡಿದದ್ದನ್ನು ತಿಪ್ಪೆಗೂ ಹಾಕಲಿಲ್ಲ, ಸುಟ್ಟೆ.

ಊರವರ ಹೊಟ್ಟೆಗೆ ಒಳ್ಳೇದು ಬೆಳೆದುಕೊಟ್ಟು ನಮ್ಮ ಮಕ್ಕಳಿಗೆ ಕಸ ತಿನ್ನಿಸುವುದು ಉಳಿತಾಯ ಅಲ್ಲ. ಕಟ್ಟಬೇಕಾದ ಸಾಲ ಇದ್ದೇ ಇದೆ, ಒಂದು ಚೀಲದಿಂದ ಅದು ತೀರುವುದೂ ಇಲ್ಲ, ಏರುವುದೂ ಇಲ್ಲ. ನಿಮ್ಮ ಮನೆಯ ಚೀಲವನ್ನೂ ಒಮ್ಮೆ ಮೊರಕ್ಕೆ ಸುರಿದು ನೋಡಿ. ಏನು ಕಂಡಿತು ಎಂದು ಪತ್ರಿಕೆಗೆ ಎರಡು ಸಾಲು ಬರೆಯಿರಿ.