ಬಯಲಾಟದ ಪದಕ್ಕೆ ಯಾರ ಬೀಗ?



ಹೊಸ ಸಿನಿಮಾ ಮೊಬೈಲಿಗೆ ಸೋರಿದಾಗಲೆಲ್ಲ ‘ಕಾನೂನು ಇನ್ನೂ ಬಿಗಿಯಾಗಬೇಕು’ ಎಂಬ ಕೂಗು ಏಳುತ್ತದೆ. ಬಿಗಿ ಈಗಲೇ ಕಡಿಮೆಯೇನಿಲ್ಲ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯ ಪ್ರಕಾರ ಕಳ್ಳ ನಕಲಿಗೆ 3 ವರ್ಷದವರೆಗೆ ಜೈಲು, ಚಿತ್ರದ ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ. ನಮ್ಮ ರಾಜ್ಯವಂತೂ 2014ರಲ್ಲೇ ದುಡ್ಡಿಗಾಗಿ ಕೃತಿಸ್ವಾಮ್ಯ ಮುರಿಯುವವರನ್ನು ಗೂಂಡಾ ಕಾಯ್ದೆಯೊಳಗೆ ತಂದು ಕೂರಿಸಿತು. ಪುಸ್ತಕ ನಕಲು ಮಾಡಿ ಮಾರುವವನೂ ಮಚ್ಚು ಹಿಡಿದವನೂ ಒಂದೇ ಪಟ್ಟಿಯಲ್ಲಿ! ಕಳ್ಳ ನಕಲಿನ ಪರ ನನ್ನ ವಕಾಲತ್ತಿಲ್ಲ. ಆದರೆ ಅಜ್ಜ ಮುತ್ತಜ್ಜರಿಂದ ಬಂದ ಪದವನ್ನು ಹಾಡಿದವರ ಬಾಯಿಗೂ ಇದೇ ಹೆಸರಿನಲ್ಲಿ ಬೀಗ ಬೀಳಬಹುದಲ್ಲ, ಆ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

ಸಿರುಗುಪ್ಪ, ಕುರುಗೋಡು ಸೀಮೆಯ ಬಯಲಾಟ ಈಗ ಅರ್ಧ ಅಟ್ಟದ ಮೇಲಿದೆ, ಅರ್ಧ ಯೂಟ್ಯೂಬಿನಲ್ಲಿದೆ. ಅಲ್ಲಿ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆ 2007ರಿಂದ ಕಾವಲಿದೆ. ಕಂಪನಿಗಳು ಕೊಟ್ಟ ಧ್ವನಿಮುದ್ರಿಕೆಗಳ ಜೊತೆ ಹೊಸ ವಿಡಿಯೊದ ಸದ್ದನ್ನು, ಮಟ್ಟನ್ನು ಅದು ತಾಳೆ ನೋಡುತ್ತದೆ. ತಾಳೆಯಾಯಿತೋ, ಜಾಹೀರಾತಿನ ಹಣ ಕಂಪನಿಗೆ ಹೋಗಬಹುದು, ಇಲ್ಲವೇ ವಿಡಿಯೊವೇ ಕಾಣದಂತಾಗಬಹುದು. ತಕರಾರು ಹಾಕಿದರೆ ಅದನ್ನು ಮೊದಲು ನೋಡುವವರು ಯಾರು? ಹಕ್ಕು ಸಾಧಿಸಿದ ಕಂಪನಿಯೇ; ಅದಕ್ಕೆ 30 ದಿನದ ಕಾಲಾವಕಾಶ. ಫಿರ್ಯಾದುದಾರನೇ ಪೀಠದಲ್ಲಿ ಕೂತಂತೆ. ಇದು ಸಾಲದೆಂಬಂತೆ, ಕಂಪನಿಗಳು ನೇರವಾಗಿ ನೋಟಿಸು ಕೊಟ್ಟು 90 ದಿನದೊಳಗೆ ಮೂರು ‘ಸ್ಟ್ರೈಕ್’ ಬಿದ್ದರೆ ಚಾನೆಲ್ಲೇ ಮುಚ್ಚಿಹೋಗುತ್ತದೆ.

1957ರ ಕೃತಿಸ್ವಾಮ್ಯ ಕಾಯ್ದೆ ಇಷ್ಟು ಒರಟಲ್ಲ. ಪರಂಪರೆಯ ಪದಕ್ಕೆ ಒಡೆಯನಿಲ್ಲ. ಕ್ಯಾಸೆಟ್ ಕಂಪನಿಯೊಂದು ಅದನ್ನು ಮುದ್ರಿಸಿ ಮಾರಿದ್ದರೆ ಆ ಮುದ್ರಿಕೆ ಮಾತ್ರ ಅದರದು. ಪದ ಅದರದಲ್ಲ, ಹಳೆಯ ಮಟ್ಟೂ ಅದರದಲ್ಲ. ಅದೇ ಪದವನ್ನು ಇನ್ನೊಂದೂರಿನ ಹಿಮ್ಮೇಳ ತನ್ನ ಹಾರ್ಮೋನಿಯಂ, ಮದ್ದಳೆಯೊಂದಿಗೆ ಹಾಡಿದರೆ ಕಳವು ಹೇಗಾದೀತು? ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯದು. 2012ರಲ್ಲಿ ಸೇರಿದ 65ಎ ಕಲಮು ಡಿಜಿಟಲ್ ಬೀಗ ಒಡೆದವರಿಗೆ 2 ವರ್ಷದವರೆಗೆ ಜೈಲು ಎನ್ನುತ್ತಲೇ, ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಬೀಗ ತೆಗೆಯಲು ದಾರಿ ಬಿಟ್ಟಿದೆ. 2013ರ ನಿಯಮಗಳ ಪ್ರಕಾರವಂತೂ ದೂರು ಬಂದ 36 ಗಂಟೆಯೊಳಗೆ ತಾಣ ಆ ವಿಡಿಯೊವನ್ನು ತಡೆಹಿಡಿಯಬೇಕು. 21 ದಿನದಲ್ಲಿ ದೂರುದಾರ ಕೋರ್ಟಿನ ಆದೇಶ ತಾರದಿದ್ದರೆ ಮತ್ತೆ ತೆರೆಯಬಹುದು ಎಂದಿದೆ. ಅಂದರೆ ಸಾಬೀತು ಮಾಡುವ ಹೊರೆ ದೂರುದಾರನದು. ಯಂತ್ರದ ಮುಂದೆ ಅದೇ ಹೊರೆ ಕಲಾವಿದನ ಹೆಗಲಿಗೆ.

ಆಟದ ನಡುವೆ ಸಿನಿಮಾ ಹಾಡು ತುರುಕುವ ಚಾಳಿ ನನಗೂ ಸೇರುವುದಿಲ್ಲ. ದೇವರ ಕಾರ್ಯದಲ್ಲಿ ಹಾಡಲು ಕಾಯ್ದೆಯ 52ನೇ ಕಲಮಿನಲ್ಲಿ ರಿಯಾಯಿತಿ ಇದೆ ನಿಜ, ಅದನ್ನೇ ವಿಡಿಯೊ ಮಾಡಿ ಹಾಕಿದಾಗ ಮಾತು ಬೇರೆ. ಹಾಗಿದ್ದರೆ ಆ ಹಾಡಿನಷ್ಟು ಭಾಗ ತೆಗೆಸಲಿ. ಬೆಳಗಿನವರೆಗಿನ ಆಟವನ್ನೇ ಅಡಗಿಸುವುದೇಕೆ?

ಇದಕ್ಕೊಂದು ಉದಾಹರಣೆಯಿದೆ. 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ಸಿನ ಭಾರತ್ ಜೋಡೊ ಯಾತ್ರೆ ನಮ್ಮ ಬಳ್ಳಾರಿಯಲ್ಲೂ ಹಾದುಹೋಯಿತು. ಯಾತ್ರೆಯ ವಿಡಿಯೊಗೆ ‘ಕೆಜಿಎಫ್ 2’ ಹಾಡು ಬಳಸಿದರೆಂದು ಎಂಆರ್‌ಟಿ ಮ್ಯೂಸಿಕ್ ಕಂಪನಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯಕ್ಕೆ ಹೋಯಿತು. ನವೆಂಬರ್ 7ರಂದು ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶವಾಯಿತು. ಮರುದಿನವೇ ಹೈಕೋರ್ಟ್, ಆ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಆದೇಶವನ್ನು ಪಕ್ಕಕ್ಕಿಟ್ಟಿತು. ತಪ್ಪಾದಷ್ಟು ಭಾಗ ತೆಗೆ, ಉಳಿದದ್ದು ಇರಲಿ: ಇದಲ್ಲವೇ ಸರಿಯಾದ ಅಳತೆ? ಆ ಪಕ್ಷಕ್ಕೆ ಒಂದೇ ದಿನದಲ್ಲಿ ಹೈಕೋರ್ಟಿನ ಬಾಗಿಲು ತಟ್ಟುವ ವಕೀಲರಿದ್ದರು. ತೆಕ್ಕಲಕೋಟೆಯ ಕಡೆಯ ಬಯಲಾಟ ಮಾಸ್ತರರಿಗೆ ಯಾರಿದ್ದಾರೆ?

ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಸರ್ಕಾರದ ಅಕಾಡೆಮಿ ಇದೆ. ಪರಂಪರೆಯ ಪದಗಳನ್ನೂ ಮಟ್ಟುಗಳನ್ನೂ ಅದು ಧ್ವನಿಮುದ್ರಿಸಿ, ‘ಇವು ಯಾರೊಬ್ಬರ ಸೊತ್ತಲ್ಲ’ ಎಂದು ಪ್ರಕಟಿಸಲಿ. ಕ್ಲೇಮ್ ಬಂದಾಗ ತೋರಿಸಲು ಕಲಾವಿದರ ಕೈಯಲ್ಲೊಂದು ಕಾಗದವಾದರೂ ಇರುತ್ತದೆ. ಆಧಾರವಿಲ್ಲದ ಬೆದರಿಕೆಯ ವಿರುದ್ಧ ದಾವೆ ಹೂಡಲು ಕಾಯ್ದೆಯ 60ನೇ ಕಲಮು ಅವಕಾಶ ಕೊಡುತ್ತದೆ. ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಈ ವಿಷಯವನ್ನೂ ತನ್ನ ಅರಿವು ಶಿಬಿರಗಳಲ್ಲಿ ಸೇರಿಸಿಕೊಳ್ಳಬೇಕು, ಮೊದಲ ಶಿಬಿರ ಸಿರುಗುಪ್ಪದಲ್ಲೇ ಆಗಲಿ.

— ಬಯಲಾಟದ ಒಬ್ಬ ಪ್ರೇಕ್ಷಕ, ಕುರುಗೋಡು